ಹಿಸ್ಸೆಯೂ ಭಾಗಾಕಾರವೂ

ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರನ್ನೇರಿದ ಮೇಲೆ, ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಪಹಣಿಗಳನ್ನು ತೆಗೆಯಲು ಒಂದೊಂದಕ್ಕೂ ಪ್ರತ್ಯೇಕ ಸ್ಕ್ರಿಪ್ಟನ್ನು ಬರೆಯದೆ, ಒಂದನ್ನೇ ಬರೆದು, ತಾಲ್ಲೂಕಿನ ಹೆಸರನ್ನು ಓಡಿಸುವ ಹೊತ್ತಿನಲ್ಲಿ ಕಮಾಂಡ್ ಲೈನಿನಿಂದ ಒದಗಿಸಬಹುದಾದ ಪದ್ಧತಿಯು ಮಿತವ್ಯಯದ ದೃಷ್ಟಿಯಿಂದ ಶ್ಲಾಘ್ಯವಾದುದೇ ಸರಿ. ಆದರೆ ಹೊರಗಿನಿಂದ ಬಂದ ಪದವು ಡೇಟಾಬೇಸಿನ ಪ್ರಶ್ನೆಯೊಳಗೆ ಮೌಲ್ಯವಾಗಿ ನಿಲ್ಲುವುದೋ, ಪ್ರಶ್ನೆಯ ಅಕ್ಷರಗಳಲ್ಲಿಯೇ ಬೆರೆತುಹೋಗುವುದೋ ಎಂಬುದರ ಮೇಲೆ ಅದರ ಯೋಗ್ಯತೆಯೆಲ್ಲ ನಿಂತಿದೆ.

ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್‌ಸಿಎಂಡಿ ಎಂಬ ಉಪಕರಣವು, $(ಸರ್ವೆ) ಎಂದಿರುವಲ್ಲೆಲ್ಲ, ಅದು ಉದ್ಧರಣಚಿಹ್ನೆಯ ಒಳಗಿದೆಯೋ ಹೊರಗಿದೆಯೋ ಎಂಬ ವಿವೇಚನೆಯಿಲ್ಲದೆ, ಕೊಟ್ಟ ಅಕ್ಷರಗಳನ್ನು ಅಂಟಿಸಿಬಿಡುತ್ತದೆ. ನಮ್ಮ ರೈತನಿಗೆ 45/2 ಎಂದರೆ ನಲವತ್ತೈದನೆಯ ಸರ್ವೆ ನಂಬರಿನ ಎರಡನೆಯ ಹಿಸ್ಸೆ. ಉದ್ಧರಣಚಿಹ್ನೆಯಿಲ್ಲದೆ ಅದೇ ಅಕ್ಷರಗಳು ಪ್ರಶ್ನೆಯೊಳಗೆ ಬಿದ್ದರೆ ಯಂತ್ರಕ್ಕೆ ಅದು ಪೂರ್ಣಾಂಕಗಳ ಭಾಗಾಕಾರ, ಫಲ 22. ಸರ್ವೆ ನಂಬರಿನ ಕಾಲಂ ಸಂಖ್ಯೆಯದಾಗಿದ್ದಲ್ಲಿ, ಯಾವ ದೋಷಸೂಚನೆಯೂ ಇಲ್ಲದೆ, ಇನ್ನಾರದೋ ಜಮೀನಿನ ವಿವರ ಹೊರಬರುತ್ತದೆ. ಕೇಡು ಬಗೆಯುವವನು ಹೆಸರಿನ ಜಾಗದಲ್ಲಿ ಅಳಿಸುವ ಆಜ್ಞೆಯನ್ನೇ ತುರುಕಬಹುದೆಂಬ ಭಯ ಎಲ್ಲರಿಗೂ ತಿಳಿದದ್ದು. ಪ್ರಾಮಾಣಿಕನ ಕೈಯಲ್ಲಿಯೂ ಹೀಗೆ ಕೆಡುವುದು ನನಗೆ ಅದಕ್ಕಿಂತ ಆಕ್ಷೇಪಾರ್ಹವಾಗಿ ತೋರುತ್ತದೆ. ಇನ್ನು ಈ ಉಪಕರಣದಲ್ಲಿ ಮೌಲ್ಯಗಳ ಪ್ರಾಬಲ್ಯದ ಕ್ರಮವೋ ವಿಚಿತ್ರ: ಪರೀಕ್ಷೆಗೆಂದು ಸ್ಕ್ರಿಪ್ಟಿನಲ್ಲಿಯೇ ಸೆಟ್‌ವಾರ್ ಆಜ್ಞೆಯಿಂದ ಪಾಂಡವಪುರವೆಂದು ಬರೆದು ಮರೆತಿದ್ದರೆ, ಕಮಾಂಡ್ ಲೈನಿನಲ್ಲಿ ನಾಗಮಂಗಲವೆಂದು ಎಷ್ಟು ಸ್ಪಷ್ಟವಾಗಿ ಕೊಟ್ಟರೂ ಪಾಂಡವಪುರವೇ ಗೆಲ್ಲುತ್ತದೆ. (ಕನ್ನಡದ ಹೆಸರಾದರೆ ಉದ್ಧರಣಚಿಹ್ನೆಯ ಮುಂದೆ ಎನ್ ಅಕ್ಷರವನ್ನೂ ಇಡಬೇಕು; ಇಲ್ಲವಾದರೆ ಸಾಮಾನ್ಯವಾಗಿ ಊರಿನ ಹೆಸರಿಗೆ ಬದಲು ಪ್ರಶ್ನಾರ್ಥಕಗಳ ಸಾಲು.)

ಒರಾಕಲ್ಲಿನ ಎಸ್‌ಕ್ಯೂಎಲ್ ಪ್ಲಸ್ಸು & ಚಿಹ್ನೆಯಿಂದ ಇದೇ ಅಂಟಿಸುವ ಕೆಲಸವನ್ನು ಮಾಡುತ್ತದೆ; ಮೌಲ್ಯ ದೊರೆಯದಿದ್ದರೆ ನಡುವೆ ನಿಂತು ಕೇಳುತ್ತದೆ. ಇರುಳಿನಲ್ಲಿ ತಾನಾಗಿ ಓಡುವ ಕೆಲಸಕ್ಕೆ ಉತ್ತರ ಕೊಡುವವರಾರು?

ಈ ಮೂರರಲ್ಲಿ ಪೋಸ್ಟ್‌ಗ್ರೆಸ್ಸಿನ ಪಿಎಸ್‌ಕ್ಯೂಎಲ್ಲೇ ಮೇಲು. :'ಸರ್ವೆ' ಎಂದು ಬರೆದರೆ ಅದು ತಾನೇ ಉದ್ಧರಣಚಿಹ್ನೆಗಳನ್ನು ತೊಡಿಸಿ, ಮೌಲ್ಯದೊಳಗೆ ಅಂಥ ಚಿಹ್ನೆಯಿದ್ದರೆ ಅದನ್ನು ಇಮ್ಮಡಿಸಿ, 45/2 ಎಂಬುದನ್ನು ಹಾಗೆಯೇ ಉಳಿಸುತ್ತದೆ. ಕಾಲಂ ಸಂಖ್ಯೆಯದಾಗಿದ್ದರೆ ಡೇಟಾಬೇಸು ಅದನ್ನು ಒಪ್ಪದೆ ದೋಷವನ್ನು ಸಾರುತ್ತದೆ. ಪ್ರಶ್ನೆಯನ್ನು ಕಡತದಿಂದಲೋ ಪೈಪಿನಿಂದಲೋ ಓದಿಸಬೇಕು, ಹೈಫನ್-ಸಿ ಆಯ್ಕೆಯೊಡನೆ ಕೊಟ್ಟರೆ ನಡೆಯದು ಎಂಬ ಕಿರುಕುಳವನ್ನು ಸಹಿಸಿಕೊಳ್ಳಬಹುದು. 2018ರಲ್ಲಿ ಬಂದ 11ನೆಯ ಆವೃತ್ತಿಯಿಂದೀಚೆಗೆ, ಮೌಲ್ಯ ಬಂದಿದೆಯೋ ಇಲ್ಲವೋ ಎಂದು ಸ್ಕ್ರಿಪ್ಟೇ ವಿಚಾರಿಸಿಕೊಳ್ಳುವ ಸೌಕರ್ಯವೂ ಉಂಟು.

ಯಾವ ಉಪಕರಣವೂ ತಪ್ಪಿಸಲಾರದ ದೋಷವೊಂದಿದೆ. ಕಸಬಾ ಹೋಬಳಿ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಇರುವುದರಿಂದ, ಹೋಬಳಿಯ ಹೆಸರೊಂದನ್ನೇ ಬೇಡುವ ಸ್ಕ್ರಿಪ್ಟು ನಾಲ್ಕರ ಪಹಣಿಗಳನ್ನೂ ಒಟ್ಟಿಗೆ ತಂದೊಪ್ಪಿಸುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಐದನ್ನೂ ಬೇಡಿ, ಒಂದು ಬಾರದಿದ್ದರೂ ಮೊದಲ ಸಾಲಿನಲ್ಲಿಯೇ ನಿಂತುಬಿಡುವ ಸ್ಕ್ರಿಪ್ಟನ್ನು ಮಾತ್ರ ನಾನು ಒಪ್ಪುವೆನು.