ಛೇದ ಬಚ್ಚಿಟ್ಟ ಅಂಕಿಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಊರೂರಲ್ಲಿ ‘ಮುಂದೇನು?’ ಶಿಬಿರಗಳು. ಪರದೆಯ ಮೇಲೆ ಇಂಜಿನಿಯರಿಂಗ್ ಮುಗಿಸಿದವರ ಸರಾಸರಿ ಪ್ಯಾಕೇಜು ಮೂಡುತ್ತದೆ. ಹಿಂದಿನ ಸಾಲಿನ ಅಪ್ಪಂದಿರು ಫೋಟೊ ತೆಗೆದುಕೊಳ್ಳುತ್ತಾರೆ. ವಿಜ್ಞಾನ, ತಂತ್ರಜ್ಞಾನದ ವೃತ್ತಿಗಳನ್ನು ನಿಜವಾದ ಅಂಕಿಅಂಶಗಳ ಮೂಲಕ ಪರಿಚಯಿಸುವುದು ಒಳ್ಳೆಯದೇ. ಆದರೆ ಇಲ್ಲಿ ಅಂಕಿ ತೋರಿಸುತ್ತಾರೆ, ಓದಲು ಕಲಿಸುವುದಿಲ್ಲ.

ತಮಾಷೆಯೆಂದರೆ, ಆ ಮಕ್ಕಳು ಸರಾಸರಿ, ಮಧ್ಯಾಂಕ, ಬಹುಲಕಗಳ ಲೆಕ್ಕ ಮಾಡಿ ಆಗಷ್ಟೇ ಪರೀಕ್ಷೆ ಬರೆದು ಬಂದವರು. ಐವರ ವಾರ್ಷಿಕ ಸಂಬಳ 3, 3.5, 4, 4.5 ಮತ್ತು 45 ಲಕ್ಷ ಎಂದಿಟ್ಟುಕೊಳ್ಳಿ. ಸರಾಸರಿ 12 ಲಕ್ಷ. ನಾಲ್ವರಿಗೆ ಅದರ ಅರ್ಧವೂ ಸಿಗುತ್ತಿಲ್ಲ! ಮಧ್ಯಾಂಕ ಮಾತ್ರ ನಾಲ್ಕು ಲಕ್ಷವೆಂದು ನಿಜ ಹೇಳುತ್ತದೆ. ಪಠ್ಯದ ಲೆಕ್ಕವನ್ನೂ ಶಿಬಿರದ ಪರದೆಯನ್ನೂ ಯಾರೂ ಅಕ್ಕಪಕ್ಕ ಇಡುವುದಿಲ್ಲ.

ಇಡಲು ಸಾಮಗ್ರಿಯೇನೂ ಕಡಿಮೆಯಿಲ್ಲ. 2016ರಿಂದ ಪ್ರಕಟವಾಗುತ್ತಿರುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಎಂಬ ಕಾಲೇಜು ಶ್ರೇಯಾಂಕ ಸಂಬಳದ ಸರಾಸರಿಯನ್ನಲ್ಲ, ಮಧ್ಯಾಂಕವನ್ನೇ ಕೇಳುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಅವಧಿಯೊಳಗೆ ಮುಗಿಸಿದರು, ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಮುಂದೆ ಓದಲು ಹೋದವರೆಷ್ಟು — ಎಲ್ಲವೂ ಸಾರ್ವಜನಿಕವಾಗಿ ಲಭ್ಯ. ಮೇಷ್ಟ್ರು ಹತ್ತಿರದ ಎರಡು ಕಾಲೇಜುಗಳ ಹಾಳೆ ಹಂಚಿ, ‘ಛೇದ ಯಾವುದು, ಹುಡುಕಿ’ ಎಂದರೆ ಸಾಕು, ಅರ್ಧ ಪಾಠ ಮುಗಿದಂತೆ. ಮಧ್ಯಾಂಕ ಕೂಡ ಕೆಲಸ ಸಿಕ್ಕವರದು ಮಾತ್ರ ಎಂಬುದು ಆಗ ತಾನಾಗಿ ಹೊರಬೀಳುತ್ತದೆ.

ಈ ಅಂಕಿಗಳಿಗೂ ಮಿತಿಯಿದೆ. ಕಾಲೇಜುಗಳೇ ಸಲ್ಲಿಸಿದ ಲೆಕ್ಕ ಇದು. ಇಂದಿನ ಹತ್ತನೇ ತರಗತಿಯವರು ಕೆಲಸ ಹುಡುಕುವುದು ಆರು ವರ್ಷದ ನಂತರ. ಅಷ್ಟರಲ್ಲಿ ಯಾವ ಉದ್ಯಮ ಉಬ್ಬಿರುತ್ತದೋ, ಯಾವುದು ಕುಸಿದಿರುತ್ತದೋ. ಐಟಿಐ, ಡಿಪ್ಲೊಮಾ, ಲ್ಯಾಬ್ ಟೆಕ್ನೀಷಿಯನ್‌ಗಳಂತೂ ಇಂಥ ಪರದೆಗಳ ಮೇಲೆ ಕಾಣುವುದೇ ಅಪರೂಪ.

ಆದರೂ ನನಗೆ ಇಷ್ಟವಾಗುವುದು ಉತ್ತರ ಕೊಡದೆ ಪ್ರಶ್ನೆ ಎಬ್ಬಿಸುವ ಅಂಕಿ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ ವಿಭಾಗದ 57.2 ಲಕ್ಷ ವಿದ್ಯಾರ್ಥಿಗಳ ಪೈಕಿ 29.5 ಲಕ್ಷ ಹುಡುಗಿಯರು, ಅಂದರೆ ಅರ್ಧಕ್ಕಿಂತ ಹೆಚ್ಚು. ಅದೇ ವರದಿಯ ಇಂಜಿನಿಯರಿಂಗ್ ಪುಟದಲ್ಲಿ ಅವರು ಶೇ 30ನ್ನೂ ಮುಟ್ಟುವುದಿಲ್ಲ. ಯಾಕೆ? ಕಾರಣ ಕೋಷ್ಟಕದಲ್ಲಿಲ್ಲ. ಶುಲ್ಕವೋ, ಹಾಸ್ಟೆಲ್ಲೋ, ‘ಬಿ.ಎಸ್ಸಿ. ಮಾಡಿ ಟೀಚರ್ ಆಗಲಿ ಬಿಡು’ ಎಂಬ ಮನೆಯ ಮಾತೋ — ತರಗತಿಯಲ್ಲಿ ಕೇಳಿ ನೋಡಿ, ಕಿಟಕಿ ಪಕ್ಕದ ಹುಡುಗಿಗೆ ಗೊತ್ತಿರುತ್ತದೆ.