ಆರೂವರೆಯ ಸೊಪ್ಪಿಗೆ ಯಾರ ಅನುದಾನ?

ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ ತರಕಾರಿಗೆ ಬರ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಡವರ ಬಡಾವಣೆಗೆ ತಾಜಾ ತರಕಾರಿ ಮುಟ್ಟಿಸುವ ಯೋಜನೆಗಳು ಶುರುವಾಗುವುದೇ ಇದಕ್ಕೆ ಉಲ್ಟಾ ನಂಬಿಕೆಯಿಂದ. ಅಲ್ಲಿ ಒಳ್ಳೆಯ ಅಂಗಡಿ ಇಲ್ಲ, ಹಾಗಾಗಿ ಜನ ತಿನ್ನುತ್ತಿಲ್ಲ, ಸಬ್ಸಿಡಿ ಕೊಟ್ಟು ಒಂದು ಮಳಿಗೆ ತೆರೆಸಿದರೆ ತಿನ್ನುತ್ತಾರೆ. ಇದೇ ನಂಬಿಕೆಯ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದಿದೆ: ತಳ್ಳುಗಾಡಿ ಅಂದರೆ ಫುಟ್‌ಪಾತಿಗೆ ಹಿಡಿದ ರೋಗ, ಅದನ್ನು ಎತ್ತಿಸಬೇಕು. ಎರಡನ್ನೂ ಒಟ್ಟಿಗೆ ನಂಬುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸಂಜೆ ಆರೂವರೆಗೆ ದಾಸರಹಳ್ಳಿ ಮೆಟ್ರೊ ನಿಲ್ದಾಣದ ಕೆಳಗೆ ನಿಂತು ನೋಡಿ. ಪೀಣ್ಯದ ಗಾರ್ಮೆಂಟ್ಸ್ ಬಿಟ್ಟಿರುತ್ತದೆ. ತುಮಕೂರು ರಸ್ತೆ ದಾಟಿ, ಊಟದ ಬಾಕ್ಸಿನ ಚೀಲ ಹೆಗಲಿಗೆ ಹಾಕಿಕೊಂಡು ಹೆಂಗಸರು ಸಾಲುಸಾಲಾಗಿ ಬರುತ್ತಾರೆ. ಒಬ್ಬಾಕೆ ಗಾಡಿಯ ಮುಂದೆ ಪೂರ್ತಿ ನಿಲ್ಲುವುದೂ ಇಲ್ಲ. “ಅಣ್ಣಾ, ಸಾಂಬಾರಿಗೆ ಇಪ್ಪತ್ತು ರೂಪಾಯಿದು ಹಾಕು.” ಅವನು ತಕ್ಕಡಿ ಮುಟ್ಟುವುದಿಲ್ಲ. ಎರಡು ಕ್ಯಾರೆಟ್, ಒಂದು ಹಿಡಿ ಹುರುಳಿಕಾಯಿ, ಅರ್ಧ ನವಿಲುಕೋಸು, ಒಂದು ಆಲೂಗಡ್ಡೆ ಕವರಿಗೆ ಬೀಳುತ್ತವೆ. ಮೇಲೆ ಕೊಸರು ಅಂತ ನಾಲ್ಕು ಎಳೆ ಕೊತ್ತಂಬರಿ, ಒಂದು ಕಡ್ಡಿ ಕರಿಬೇವು. “ಐದು ರೂಪಾಯಿ ನಾಳೆ ಕೊಡ್ತೀನಿ.” “ಆಯ್ತು ಹೋಗಕ್ಕ.” ಒಂದು ನಿಮಿಷವೂ ಆಗಿರುವುದಿಲ್ಲ. ಆಕೆಯ ವಠಾರದ ಕೋಣೆಯಲ್ಲಿ ಫ್ರಿಜ್ಜಿಲ್ಲ, ಸಂಬಳಕ್ಕೆ ಇನ್ನೂ ದಿನ ಇದೆ, ರಾತ್ರಿ ಅಡುಗೆಯಾಗಿ ಬೆಳಿಗ್ಗೆ ಬಾಕ್ಸಿಗೂ ಆಗಬೇಕು. ಈ ಮೂರು ಇಕ್ಕಟ್ಟನ್ನೂ ಗಾಡಿಯವನು ಯಾವ ಸಮೀಕ್ಷೆಯೂ ಇಲ್ಲದೆ ಅರ್ಥ ಮಾಡಿಕೊಂಡಿದ್ದಾನೆ.

ಸರ್ಕಾರದ ದುಡ್ಡು ಈ ಗಾಡಿಯ ಹತ್ತಿರ ಸುಳಿದದ್ದು ಕಡಿಮೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ದೊಡ್ಡ ಕೆಲಸವನ್ನೇ ಮಾಡಿದೆ. ಬೆಳೆಗಾರನಿಗೆ ಸರಿಯಾದ ತೂಕ, ಕೊಳ್ಳುವವನಿಗೆ ಬೋರ್ಡಿನ ಮೇಲೆ ಬರೆದ ದರ, ಇವು ಸಣ್ಣ ಮಾತಲ್ಲ. ಆದರೆ ಅದರ ಮಳಿಗೆ ಅಂದಾಗ ಕಣ್ಣ ಮುಂದೆ ಬರುವುದು ಜಯನಗರ, ಮಲ್ಲೇಶ್ವರ. 2003ರಲ್ಲಿ ವೈಟ್‌ಫೀಲ್ಡ್ ಆಚೆಯ ಕಣ್ಣಮಂಗಲದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಕಟ್ಟಿಸಿದ ಸಫಲ್ ಹರಾಜು ಮಾರುಕಟ್ಟೆ ಭಾರಿ ಕನಸಿನದ್ದು. ಅಂದುಕೊಂಡಷ್ಟು ಸರಕು ಅಲ್ಲಿಗೆ ಬರಲೇ ಇಲ್ಲ. 2011-12ರ ಕೇಂದ್ರ ಬಜೆಟ್ಟಿನಲ್ಲಿ ನಗರಗಳ ತರಕಾರಿ ಪೂರೈಕೆಗೆಂದು 300 ಕೋಟಿ ರೂಪಾಯಿ ತೆಗೆದಿಟ್ಟರು. ಆಮೇಲೆ ಬಂದ ಸಮಗ್ರ ತೋಟಗಾರಿಕೆ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಒಂದು ಲೆಕ್ಕ ಇತ್ತು, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಂಪು ವ್ಯವಸ್ಥೆಯ ಚಿಲ್ಲರೆ ಮಳಿಗೆಗೆ ವೆಚ್ಚದ ಮಿತಿ 15 ಲಕ್ಷ, ಅದರಲ್ಲಿ ಶೇ 35 ಸಬ್ಸಿಡಿ, ಅದೂ ಬ್ಯಾಂಕ್ ಸಾಲ ಸಿಕ್ಕವರಿಗೆ. ತಂಪು ಪೆಟ್ಟಿಗೆ ಇರುವ ಮಾರಾಟದ ಗಾಡಿಗೆ ಮಿತಿ 30 ಸಾವಿರ, ಅದರಲ್ಲಿ ಅರ್ಧ. ಅಂದರೆ ಒಂದು ಮಳಿಗೆಗೆ ಹೋಗುವ 5.25 ಲಕ್ಷದಲ್ಲಿ 35 ಗಾಡಿಗಳಿಗೆ ನೆರವು ಕೊಡಬಹುದಿತ್ತು. ಉದ್ಘಾಟನೆಗೆ ಟೇಪು ಕತ್ತರಿಸಲು ಮಾತ್ರ ಗಾಡಿ ಲಾಯಕ್ಕಿಲ್ಲ, ಒಪ್ಪುತ್ತೇನೆ.

ಈ ಮಳಿಗೆಯ ಮೋಹ ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯ 2004ರಲ್ಲೇ ಬಡ ಕೇರಿಗಳಿಗೆ ಸೂಪರ್ ಮಾರ್ಕೆಟ್ ತರಿಸಲು ಅನುದಾನ ಶುರು ಮಾಡಿತು, ಒಬಾಮಾ ಕಾಲದಲ್ಲಿ ಅದು ಇಡೀ ದೇಶದ ಯೋಜನೆಯಾಯಿತು. ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ಗಾಳಿ ತೆಗೆಯಿತು. ಬಡವರಿಗೆ ಶ್ರೀಮಂತರಿಗೆ ಸಿಗುವ ಸರಕೇ ಅದೇ ಬೆಲೆಗೆ ಸಿಕ್ಕರೂ ಊಟದ ಗುಣಮಟ್ಟದ ಅಂತರ ಇಳಿಯುವುದು ಸುಮಾರು ಶೇ 10ರಷ್ಟೇ ಅಂತ ಅವರ ಲೆಕ್ಕ. ಉಳಿದ 90 ‘ಬೇಡಿಕೆ’ಯ ವ್ಯತ್ಯಾಸವಂತೆ. ಇದನ್ನು ಓದಿ, ನೋಡಿ, ಬಡವರಿಗೆ ತರಕಾರಿಯೇ ಇಷ್ಟವಿಲ್ಲ, ಅವರಿಗೆ ತಿಳಿವಳಿಕೆ ಹೇಳಬೇಕು ಅಂತ ಹೊರಟವರೂ ಇದ್ದಾರೆ. ನನಗೆ ಇದು ಇನ್ನೂ ದೊಡ್ಡ ತಪ್ಪು ಅನಿಸುತ್ತದೆ. ದಾಸರಹಳ್ಳಿಯ ಹೆಂಗಸಿಗೆ ದಂಟಿನ ಸೊಪ್ಪಿನ ಮಹಿಮೆ ಯಾರೂ ಹೇಳಿಕೊಡಬೇಕಿಲ್ಲ. ಸೊಪ್ಪು ಬಿಡಿಸಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ಆಕೆಯ ಹತ್ತಿರ ಇಲ್ಲ. ಗ್ಯಾಸ್ ಕೆಜಿ ಲೆಕ್ಕದಲ್ಲಿ ತುಂಬಿಸುವ ಮನೆಯಲ್ಲಿ ಕಾಳು ಬೇಯಿಸುವುದಕ್ಕೂ ಲೆಕ್ಕ ಹಾಕುತ್ತಾರೆ. ಇಷ್ಟ ಅಂತ ಕಾಣುವುದರೊಳಗೆ ಎಷ್ಟು ಪಾಲು ಶಿಫ್ಟು, ಎಷ್ಟು ಪಾಲು ಸಂಬಳ ಇದೆ ಎಂದು ಬಿಡಿಸಿ ನೋಡಬೇಕು.

ಹಾಗಂತ ಗಾಡಿಯವನನ್ನು ದೇವರು ಮಾಡುವುದು ಬೇಡ. ಇಪ್ಪತ್ತು ರೂಪಾಯಿಯ ಮಿಕ್ಸನ್ನು ತೂಗಿ ನೋಡಿದರೆ ಕೆಜಿಗೆ ಬೀಳುವ ಬೆಲೆ ಮಾರ್ಕೆಟ್ಟಿಗಿಂತ ಜಾಸ್ತಿಯೇ. ಬೆಳಿಗ್ಗೆ ಸಾಲ ತಂದು ಸಂಜೆ ಬಡ್ಡಿ ಸೇರಿಸಿ ತೀರಿಸುವವನು ಇನ್ನೇನು ಮಾಡಿಯಾನು? ಫುಟ್‌ಪಾತಿನ ವಾದವೂ ಪೂರ್ತಿ ಸುಳ್ಳಲ್ಲ. ಅಲ್ಲಿ ನಡೆಯಬೇಕಾದವರೂ ಇದೇ ಗಾರ್ಮೆಂಟ್ಸ್ ಹೆಂಗಸರೇ, ಗಾಡಿಗಳ ಸಾಲು ತಪ್ಪಿಸಿ ಬಸ್ಸಿನ ಮುಂದೆ ಇಳಿಯುವವರೂ ಅವರೇ.

ಆದರೆ ಇದಕ್ಕೆ ದಾರಿ ಕಾನೂನಿನಲ್ಲೇ ಇದೆ. ಬೀದಿ ಬದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನದ ನೋಟಿಸು ಬೇಕು. ಎತ್ತಿಕೊಂಡು ಹೋದ ಮಾಲು ಕೊಳೆಯುವಂಥದ್ದಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಇನ್ನೊಂದು ಕಡೆ 2020ರಿಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಇದೇ ವ್ಯಾಪಾರಿಗೆ ಜಾಮೀನಿಲ್ಲದೆ ಸಾಲ. ಒಂದು ಇಲಾಖೆ ಕೊಡಿಸಿದ ಸಾಲದಲ್ಲಿ ಕೊಂಡ ಸೊಪ್ಪು ಇನ್ನೊಂದು ಇಲಾಖೆಯ ಲಾರಿಯಲ್ಲಿ ಬಾಡುವುದನ್ನು ಯಾವ ಭಾಷೆಯಲ್ಲಿ ನೆರವು ಅನ್ನುತ್ತಾರೋ ತಿಳಿಯದು.

ದಾಸರಹಳ್ಳಿಗೆ ಬೇಕಾದ ಅನುದಾನ ಬಹಳ ಅಗ್ಗದ್ದು. ನಡೆಯುವವರಿಗೆ ದಾರಿ ಬಿಟ್ಟು, ಸಂಜೆ ಐದರಿಂದ ಒಂಬತ್ತರವರೆಗೆ ಗಾಡಿಗಳಿಗೆ ಗೆರೆ ಎಳೆದ ಜಾಗ, ಒಂದು ದೀಪ, ಸೊಪ್ಪಿಗೆ ಚಿಮುಕಿಸಲು ಒಂದು ನಲ್ಲಿ, ಯಾರೂ ಬಂದು ಎಬ್ಬಿಸುವುದಿಲ್ಲ ಎಂಬ ಒಂದು ಕಾಗದ. ತಾಜಾ ತರಕಾರಿಯ ಹೊಸ ಯೋಜನೆಯ ಕಡತ ಮೇಜಿಗೆ ಬಂದಾಗ ಸಹಿ ಹಾಕುವ ಅಧಿಕಾರಿಗಳು ದಯವಿಟ್ಟು ಒಮ್ಮೆ ಮೆಟ್ರೊ ಹತ್ತಿ ಇಲ್ಲಿಗೆ ಬರಲಿ. ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಆಗ ಎಲ್ಲರೂ ಹೊಲಿಗೆ ಮಿಷನ್ನಿನ ಮುಂದೆ ಇರುತ್ತಾರೆ. ಸಂಜೆ ಆರೂವರೆಗೆ ಬರಲಿ.