ಎಲ್ಲ ನೀಹಾರಿಕೆಗೂ ಒಂದೇ ತೂಕವೆ?

ಸೋವಿಯತ್ ಖಗೋಳಜ್ಞ ಶ್ಕ್ಲೋವ್‌ಸ್ಕಿ 1956ರಲ್ಲಿ ಗ್ರಹೀಯ ನೀಹಾರಿಕೆಗಳ ದೂರಕ್ಕೆ ಕೊಟ್ಟ ಸೂತ್ರ ಗಳಿಸಿದ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಇವು ಸಾಯುವ ನಕ್ಷತ್ರ ಹೊರಚೆಲ್ಲಿದ ಅನಿಲ, ಮಹಾವ್ಯಾಧದಲ್ಲಿರುವಂಥ ನಕ್ಷತ್ರ ಹುಟ್ಟುವ ಮೋಡಗಳಲ್ಲ ಎಂಬುದು ಓದುಗರಿಗೆ ಗೊತ್ತಿದ್ದದ್ದೇ. ತಕರಾರು ಇರುವುದು ದೂರದ್ದು.

ಪ್ರತಿ ನೀಹಾರಿಕೆಯಲ್ಲೂ ಅಯಾನೀಕೃತ ಅನಿಲದ ರಾಶಿ ಒಂದೇ, ಸೂರ್ಯನ ಸುಮಾರು 0.2 ಪಾಲು ಎಂದು ಸೂತ್ರ ಹಿಡಿದುಕೊಳ್ಳುತ್ತದೆ. ಆಮೇಲೆ ಕೋನಗಾತ್ರ, ಹೊಳಪು ಅಳೆದರೆ ದೂರ ಸಿಕ್ಕಿತು. ದೂರ ಬದಲಾಗುವುದು ರಾಶಿಯ 2/5ನೇ ಘಾತಕ್ಕೆ ತಕ್ಕಂತೆ. ಹಾಗಾಗಿ ರಾಶಿ ತಪ್ಪಿದರೂ ದೂರ ಅಷ್ಟೇನೂ ಕೆಡದು ಎನ್ನುತ್ತಾರೆ ಸಮರ್ಥಕರು. ಲೆಕ್ಕ ಹಾಕಿ ನೋಡಿ. ನಿಜವಾದ ರಾಶಿ 0.02 ಇದ್ದರೆ ದೂರ ಎರಡೂವರೆ ಪಟ್ಟು ಹಿಗ್ಗುತ್ತದೆ. 2,000 ಜ್ಯೋತಿರ್ವರ್ಷದಲ್ಲಿರುವ ನೀಹಾರಿಕೆ 5,000ಕ್ಕೆ ಹೋಗಿ ಕೂರುತ್ತದೆ; ಅದರ ನಕ್ಷತ್ರದ ನಿಜಪ್ರಕಾಶ ಆರು ಪಟ್ಟಿಗೂ ಮೇಲಾಗುತ್ತದೆ. ಎಳೆಯ ನೀಹಾರಿಕೆಗಳಲ್ಲಿ ಇದು ಅಪರೂಪವೇನಲ್ಲ. ನಕ್ಷತ್ರದ ಕಿರಣ ಹೊರಗಿನ ಅನಿಲವನ್ನು ಇನ್ನೂ ಮುಟ್ಟಿರುವುದಿಲ್ಲ, ಅಯಾನಾದ ಪಾಲು ಸಣ್ಣದು. ತಪ್ಪು ಒಂದೇ ದಿಕ್ಕಿಗೆ ವಾಲಿದಾಗ ಸರಾಸರಿ ತೆಗೆದು ಏನು ಫಲ?

ಬೇರೆ ದಾರಿ ಇಲ್ಲದ ಕಾಲದಲ್ಲಿ ಸೂತ್ರ ನೆರವಾಯಿತು, ಒಪ್ಪೋಣ. ಈಗ ಎಷ್ಟೋ ಕೇಂದ್ರ ನಕ್ಷತ್ರಗಳ ಲಂಬನವನ್ನು ಗಯಾ ಉಪಗ್ರಹ ನೇರವಾಗಿ ಅಳೆದಿದೆ.

ನಮ್ಮವರ ಕೆಲಸಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಮುಂದಾಳಾಗಿ ಕಟ್ಟಿದ ನೇರಳಾತೀತ ದೂರದರ್ಶಕ 2015ರಲ್ಲಿ ಆಸ್ಟ್ರೊಸ್ಯಾಟ್ ಜೊತೆ ಮೇಲೇರಿತು. ಅದರಿಂದ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು 2018ರಲ್ಲಿ ಚಿಟ್ಟೆ ನೀಹಾರಿಕೆಯ, ಅಂದರೆ ಎನ್‌ಜಿಸಿ 6302ರ, ಎರಡೂ ಬದಿಗೆ ಹರಡಿದ ಮಸುಕು ಹಾಲೆಗಳನ್ನು ಕಂಡರು. ಬಹುಶಃ ಹೈಡ್ರೊಜನ್ ಅಣುಗಳ ಪ್ರತಿದೀಪ್ತಿ. ಹರವು ಹಿಂದೆ ತಿಳಿದದ್ದರ ಮೂರು ಪಟ್ಟು. ಅಯಾನಾಗದ ಈ ಅನಿಲ ಶ್ಕ್ಲೋವ್‌ಸ್ಕಿ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮ ವಿಜ್ಞಾನ ಅಂಕಣಕಾರರು ಚಿಟ್ಟೆಯ ಬಣ್ಣದ ಚಿತ್ರ ಹಾಕಿ, ಕೆಳಗೆ 3,800 ಜ್ಯೋತಿರ್ವರ್ಷ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದು ಓದುಗರಿಗೆ ಮಾಡುವ ಅನ್ಯಾಯ. ಸುಮಾರು ಐವತ್ತು ವರ್ಷ ಅಂತರದ ಚಿತ್ರಗಳಲ್ಲಿ ಅನಿಲದ ಗಂಟುಗಳು ಎಷ್ಟು ಸರಿದವೆಂದು ಅಳೆದು, ಅವುಗಳ ವೇಗದೊಂದಿಗೆ ಹೋಲಿಸಿ 2008ರಲ್ಲಿ ಪಡೆದ ಅಂಕಿ ಅದು. ಅದರಲ್ಲೂ ಸುಮಾರು 450 ಜ್ಯೋತಿರ್ವರ್ಷದ ಹೆಚ್ಚುಕಡಿಮೆ ಉಂಟು. ಬೆಂಗೇರಿಯ ಶಾಲೆಗಳಲ್ಲಿ ವಿಜ್ಞಾನ ಮೇಳಕ್ಕೆ ಫಲಕ ಬರೆಸುವ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನ ವಿನಂತಿ: ದೂರದ ಪಕ್ಕದಲ್ಲೇ ಅಳೆದ ವಿಧಾನವನ್ನೂ ಹೆಚ್ಚುಕಡಿಮೆಯನ್ನೂ ಬರೆಸಿರಿ.